ಜೂನ್ ಒಂದರಂದು ಹುಟ್ಟಿದವರು

ಜಮಖಂಡಿ
ಫೆಬ್ರುವರಿ 26, 2013

ದುರಗೇಶ ಈ ಡೈರಿ ತಂದುಕೊಟ್ಟು ಎರಡು ತಿಂಗಳಾಗುತ್ತ ಬಂತು. "ಆಫೀಸಿನ ಸಿಟ್ಟು ಮನಿಗೆ ತರಬ್ಯಾಡ, ಇದರಾಗ ಕಾರ್ಕೊ" ಎಂದಿದ್ದ. ಗಂಡನ ಮಾತು ಅಷ್ಟು ಬೇಗ ಕೇಳಬಾರದೆಂಬ ಹಟಕ್ಕೆ ಮುಟ್ಟಿರಲಿಲ್ಲ. ಇವತ್ತು ಮುಟ್ಟದೆ ಇದ್ದರೆ ತಲೆ ಸಿಡಿಯುತ್ತಿತ್ತು.

ತೇರದಾಳದ ನಮ್ಮ ಗೋದಾಮಿನವರು ಯಾರನ್ನೂ ಕೇಳದೆ ಕಂಪ್ಯೂಟರಿನಲ್ಲಿ ಪಾಳಿಯ ವೇಳೆಯನ್ನು ಅರ್ಧ ಗಂಟೆ ಮುಂದೆ ಸರಿಸಿಕೊಂಡುಬಿಟ್ಟಿದ್ದಾರೆ! ಫೋನ್ ಮಾಡಿ ಯಾಕೆಂದು ಕೇಳಿದರೆ, "ಬಸ್ ತಡಾ ಬರತೈತ್ರಿ ಮೇಡಂ." ಬಸ್ಸು ತಡವಾದರೆ ಗಡಿಯಾರ ತಿರುಗಿಸುವುದೇ? ಅವರು ಅಲ್ಲಿ ಒಂದು ಗುಂಡಿ ಒತ್ತಿದ್ದಕ್ಕೆ ಅತ್ತ ಮುಧೋಳದ ಸಕ್ಕರೆ ಕಾರ್ಖಾನೆಯಲ್ಲಿ ಇಡೀ ಒಂದು ಪಾಳಿಗೆ ಗೈರುಹಾಜರಿ ಬಿದ್ದಿದೆ. ಸುದ್ದಿ ಕೇಳಿ ನಾನು ಕೂತ ಕುರ್ಚಿಯಲ್ಲೇ ದಂಗಾದೆ.

ಬೆಳ್ಳಿಚುಕ್ಕಿ ಸಹಕಾರಿ ಸಮೂಹವೆಂದರೆ ಒಂದು ಅಂಗಡಿಯಲ್ಲ. ಮುಧೋಳ ಕಡೆ ಸಕ್ಕರೆ ಕಾರ್ಖಾನೆ, ಬನಹಟ್ಟಿಯಲ್ಲಿ ನೂಲಿನ ಗಿರಣಿ, ಬೀಳಗಿಯಲ್ಲಿ ಎಣ್ಣೆ ಗಿರಣಿ, ತೇರದಾಳದಲ್ಲಿ ಗೋದಾಮು, ಜಮಖಂಡಿಯಲ್ಲಿ ನಮ್ಮ ಮುಖ್ಯ ಕಚೇರಿ. ಐದು ಸಾವಿರದ ಹತ್ತಿರ ಜನ, ಎಲ್ಲರೂ ಒಂದೇ ಸಾಫ್ಟ್‌ವೇರಿನ ಮೇಲೆ. ಅದರಲ್ಲಿ ಒಂದು ಚುಕ್ಕೆ ಬದಲಾಗಬೇಕೆಂದರೂ ಅರ್ಜಿ ನನ್ನ ಮೇಜಿಗೆ ಬರಬೇಕು. ಏನು ಬದಲಿಸುತ್ತೀರಿ, ಅದರಿಂದ ಇನ್ನೇನು ಅಲುಗುತ್ತದೆ, ಕೆಟ್ಟರೆ ಹಿಂದಕ್ಕೆ ಹೇಗೆ ತರುತ್ತೀರಿ, ಮತ್ತು ಕಾರಣ.

ಈ ಕಾರಣದ ಕಾಲಮ್ಮೇ ನನ್ನ ಜೀವ ತಿನ್ನುತ್ತದೆ. ಹತ್ತರಲ್ಲಿ ಎಂಟು ಜನ ಅಲ್ಲಿ ಬರೆಯುವುದು ಒಂದೇ ಶಬ್ದ: "ಬೇಕಾಗಿದೆ." ಬೇಕಾಗಿದೆ ಎನ್ನುವುದು ಒಂದು ಕಾರಣವೇ? ಕೂಸು ಚಾಕಲೇಟಿಗೆ ಅತ್ತರೂ ಹಸಿವೆ ಎಂದಾದರೂ ಹೇಳುತ್ತದೆ. ಕೆಂಪು ಶಾಯಿಯಲ್ಲಿ "ತಿರಸ್ಕೃತ" ಎಂದು ಬರೆದು ಬರೆದು ಇವತ್ತು ನನ್ನ ಪೆನ್ನೇ ಬತ್ತಿತು.

ಮನೆಗೆ ಬಂದರೆ ಇವನದೊಂದು ರಾಗ. ಗೇಟಿನ ಮಷೀನಿನಲ್ಲಿ ಬೆರಳಿಟ್ಟ ಕೂಡಲೇ ಮನೆಯವರ ಫೋನಿಗೆ ಮೆಸೇಜ್ ಹೋಗುತ್ತದೆ: ಇಂಥವರು ಕೆಲಸಕ್ಕೆ ಬಂದರು, ಇಂಥವರು ಹೊರಟರು. ಹೆಣ್ಣುಮಕ್ಕಳ ಪಾಳಿಯ ಬಸ್ಸೊಂದು ಪಲ್ಟಿಯಾದಾಗ ಒಳಗೆ ಯಾರಿದ್ದರು ಯಾರಿಲ್ಲ ತಿಳಿಯದೆ ಮನೆಯವರೆಲ್ಲ ಬೀದಿಗೆ ಬಂದು ಅತ್ತಿದ್ದರು, ಆಮೇಲೆ ಇದನ್ನು ಮಾಡಿದೆವು. ನನ್ನ ಮೆಸೇಜ್ ಬಂದಾಗ ಇವನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿರುತ್ತಾನೆ. "ಹುಡುಗ್ರು ನಗ್ತಾವ ಅಂಜು, ನಿಂದೊಂದು ಬಂದ್ ಮಾಡ್ಸು" ಎಂದ. ನಿಯಮ ಎಲ್ಲರಿಗೂ ಒಂದೇ ಎಂದೆ.

ಮಾರ್ಚ್ 3, ರವಿವಾರ

ಇವತ್ತು ಹೊಟ್ಟೆ ತುಂಬ ಖುಷಿ. ಸಿಟ್ಟು ಕಾರಲಿಕ್ಕೆ ಕೊಟ್ಟ ಡೈರಿಯಲ್ಲಿ ಖುಷಿಯನ್ನೂ ಬರೆಯಬಹುದು ಎಂದುಕೊಳ್ಳುತ್ತೇನೆ.

ಹಿಂದೆ ನಮ್ಮ ಒಂದೊಂದು ಗಿರಣಿಗೂ ಬೇರೆ ಬೇರೆ ಸಾಫ್ಟ್‌ವೇರ್ ಇತ್ತು. ಬೀಳಗಿಯಿಂದ ಮುಧೋಳಕ್ಕೆ ವರ್ಗವಾಗಿ ಹೋದವನ ಹೆಸರು ಎರಡೂ ಕಡೆ ಉಳಿಯುತ್ತಿತ್ತು. ಈ ಕಸ ತೆಗೆಯಲು ಒಂದು ನಿಯಮ ಮಾಡಿದೆ. ಹೆಸರು, ಗಂಡನ ಅಥವಾ ತಂದೆಯ ಹೆಸರು, ಅಡ್ಡಹೆಸರು, ಹುಟ್ಟಿದ ತಾರೀಖು, ಈ ನಾಲ್ಕೂ ಕೂಡಿದರೆ ಅವರು ಒಬ್ಬರೇ, ಎರಡು ದಾಖಲೆಗಳನ್ನು ಕೂಡಿಸಿ ಒಂದು ಮಾಡು. ಹಳೆಯ ದಾಖಲೆಯ ಫೋಟೊ ಇರಲಿ, ಬೆರಳ ಗುರುತು ಎರಡೂ ಇರಲಿ, ಒಂದರಲ್ಲಿ ಖಾಲಿ ಇದ್ದದ್ದನ್ನು ಇನ್ನೊಂದರಿಂದ ತುಂಬು, ಕೊನೆಗೆ ಬೆರಳಿಟ್ಟದ್ದು ಯಾವುದೋ ಅದರ ಪ್ರಕಾರ ಕೆಲಸದಲ್ಲಿದ್ದಾರೆ ಎಂದು ತಿಳಿ. ಹುಬ್ಬಳ್ಳಿಯ ಎಂಜಿನಿಯರುಗಳು, "ನಾಲ್ಕೂ ಕೂಡೂದು ಸಾಧ್ಯನ ಇಲ್ರಿ, ಕೂಡಿದ್ರ ಅದು ಒಬ್ಬನ" ಎಂದರು. ನಾನೂ ಹೌದೆಂದು ಸಹಿ ಮಾಡಿದೆ.

ಮಧ್ಯಾಹ್ನದ ಹೊತ್ತಿಗೆ ಮುನ್ನೂರು ಚಿಲ್ಲರೆ ನಕಲಿ ಹೆಸರುಗಳು ಹಾರಿಹೋದವು! ಅಧ್ಯಕ್ಷರು ಪೇಪರಿನವರನ್ನು ಕರೆಸಿ, "ಮುನ್ನೂರ ಬೋಗಸ್ ಹೆಸರು ತಗದೀವಿ" ಎಂದು ಹೇಳಿಕೆ ಕೊಟ್ಟರು. ಜಿ.ಎಂ. ನಾಮದೇವ ಸಾಹೇಬರು ಎಲ್ಲರಿಗೂ ಅಮೀನಗಡದ ಕರದಂಟು ಹಂಚಿದರು. ನಾನು ಎರಡು ತಿಂದೆ.

ಮಾರ್ಚ್ 11



ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಒಬ್ಬ ಹಿರಿಯರು ಬಂದರು. ಬಿಳಿ ಧೋತರ, ತಲೆಗೆ ಟೋಪಿ, ಕರವಸ್ತ್ರದಲ್ಲಿ ಸುತ್ತಿಟ್ಟ ಸಣ್ಣ ಫೋನು. ರಾಚಪ್ಪ ಹೂಗಾರ ಎಂದು ಹೆಸರು ಹೇಳಿದರು. ಬೀಳಗಿ ಹತ್ತಿರ, ಮುಳುಗಡೆಯಾದ ಊರವರ ಪುನರ್ವಸತಿ ಕೇಂದ್ರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು.

"ಬಾಯಾರ, ನನ್ನ ಹೇಣ್ತಿ ಗುರುಬಾಯಿ ಕೆಲಸಕ್ಕ ಬರಾಕತ್ತಾಳೇನ್ರಿ?"

"ಯಾವ ಗಿರಣ್ಯಾಗ ಅದಾರ್ರಿ ಕಾಕಾ?"

"ನಿಮ್ಮ ಎಣ್ಣಿ ಗಿರಣ್ಯಾಗ ಇದ್ಲು. ದಸರಾಕ್ಕ ತೀರಿಕೊಂಡ್ಳು."

ನನ್ನ ಕೈಯ ತುತ್ತು ಡಬ್ಬಿಗೇ ಬಿತ್ತು. ಆತ ಫೋನು ಬಿಚ್ಚಿ ನನ್ನ ಮುಂದಿಟ್ಟರು. ನೋಡಿದರೆ ನಮ್ಮದೇ ಮೆಸೇಜ್. ಗುರುಬಾಯಿ ರಾಚಪ್ಪ ಹೂಗಾರ ಕೆಲಸಕ್ಕೆ ಹಾಜರಾದರು. ಗುರುಬಾಯಿ ರಾಚಪ್ಪ ಹೂಗಾರ ಮನೆಗೆ ಹೊರಟರು. ಒಂದರ ಕೆಳಗೊಂದು, ಕಳೆದ ವಾರದಿಂದ ದಿನವೂ. ಇವತ್ತಿನದೂ ಇತ್ತು. ಅಯ್ಯೋ ದೇವರೇ!

"ನನಗ ಇಂಗ್ಲಿಷ್ ಅಕ್ಷರ ಬರೂದಿಲ್ರಿ. ಮಗ್ಗಲ ಮನಿ ಶೇವಂತಿ ಓದಿ ಹೇಳಿದ್ಲು. ಓದಿದಾಕಿ ಕೈಯಾಗಿನ ಫೋನ್ ನೆಲಕ್ಕ ಒಗದ ಬಿಟ್ಲು. ಈಗ ಓದೂದ ಬ್ಯಾಡ್ರಿ. ಮುಂಜಾನೆ ಟಿಂಗ್ ಅಂದ್ರ ಬಂದ್ಲು, ಸಂಜಿಕೆ ಟಿಂಗ್ ಅಂದ್ರ ಮನಿಗೆ ಹೊಂಟ್ಲು." ಫೋನು ತಮ್ಮ ಕಡೆ ಸರಿಸಿಕೊಂಡು ಅಂದರು, "ಹೊಂಟಾಳ ಅಂತ ಬರತೈತಿ. ಮನಿಗೆ ಬರೂದಿಲ್ಲಲ್ರಿ."

ನಾನು ನೀರು ಕೊಡಲು ಹೋದರೆ ಬೇಡವೆಂದು ಕೈ ಆಡಿಸಿದರು.

"ನಾ ಇಲ್ಲಿ ಅಳಾಕ ಬಂದಿಲ್ರಿ. ಸತ್ತಾಕಿ ಹೆಸರಿಲೆ ಯಾರ ಪಗಾರ ತಿನ್ನಾಕತ್ತಾರ? ಬೋಗಸ್ ನಡಸೀರಿ ನೀವು. ಅದನ್ನ ಕೇಳಾಕ ಬಂದೇನಿ."

ನಾನು ಅವರ ದೂರನ್ನು ಬರೆದುಕೊಂಡು ಸಹಿ ಹಾಕಿಸಿಕೊಂಡೆ. ಊಟ ಹಾಗೇ ವಾಪಸ್ ಬಂತು.

ಮಾರ್ಚ್ 12

ದಾಖಲೆ ತೆಗೆದೆ. ಗುರುಬಾಯಿ ರಾಚಪ್ಪ ಹೂಗಾರ, ಬನಹಟ್ಟಿ ನೂಲಿನ ಗಿರಣಿ, ಕೆಲಸದಲ್ಲಿದ್ದಾರೆ. ಫೋಟೊ ಮಾತ್ರ ಬೀಳಗಿಯ ಹೆಂಗಸಿನದು, ನಿನ್ನೆ ರಾಚಪ್ಪನವರು ದೂರಿನ ಜೊತೆ ತೋರಿಸಿದ ಹೆಂಡತಿಯ ಫೋಟೊದ ಅದೇ ಮುಖ. ತೀರಿಹೋದ ಹೆಂಗಸು ಬನಹಟ್ಟಿಯಲ್ಲಿ ದಿನವೂ ಬೆರಳಿಡುತ್ತಿದ್ದಾಳೆ! 

ನಾಮದೇವ ಸಾಹೇಬರಿಗೆ ತೋರಿಸಿದರೆ ಅವರು ಟೇಬಲ್ಲು ಕುಟ್ಟಿದರು. "ಸಿಕ್ತು ನೋಡ್ರಿ ಹುಳಾ! ನಮ್ಮ ಸಿಸ್ಟಮ್ಮು ಹೆಂಗ ಹಿಡೀತು ನೋಡ್ರಿ!" ಸತ್ತವಳ ಹೆಸರಿನಲ್ಲಿ ಯಾರೋ ಹೆಂಗಸು ಸೇರಿಕೊಂಡಿದ್ದಾಳೆ ಎಂದು ಅವರ ತೀರ್ಮಾನ. ಬನಹಟ್ಟಿಗೆ ಫೋನ್ ಹೋಯಿತು. ಆ ಹೆಂಗಸನ್ನು ಗೇಟಿನ ಹೊರಗೆ ನಿಲ್ಲಿಸಿ, ಇಪ್ಪತ್ತೈದಕ್ಕೆ ವಿಚಾರಣೆ, ಅಲ್ಲಿಗೆ ಮನೆಗೆ ಕಳಿಸಿಬಿಡುವುದು.

ಎಂಥಾ ಧೈರ್ಯದ ಹೆಂಗಸಪ್ಪಾ ಎಂದು ದುರಗೇಶನ ಮುಂದೆ ಕೂಗಾಡಿದೆ.

ಮಾರ್ಚ್ 14

ಬನಹಟ್ಟಿಗೆ ನಾನೇ ಹೋದೆ. ಜಿ.ಎಂ. ಕಡೆಯ ಒಬ್ಬ ಅಧಿಕಾರಿಯೂ ಇದ್ದ.

ಗುರುಬಾಯಿ ಎಂದರೆ ಯಾರೋ ಗಟ್ಟಿಗಿತ್ತಿ ಇರಬೇಕೆಂದುಕೊಂಡಿದ್ದೆ. ಬಂದವಳು ಒಣಕಲು ಹೆಂಗಸು, ತಲೆಯ ಸೆರಗಿನ ಮೇಲೆ ಹತ್ತಿಯ ಎಳೆಗಳು ಇನ್ನೂ ಹಾಗೇ ಇದ್ದವು. ಕಂಪ್ಯೂಟರಿನ ಫೋಟೊ ತೋರಿಸಿದೆ.

"ಇದು ನಾ ಅಲ್ರಿ ಅಕ್ಕಾರ."

"ಅಲ್ಲ ಅಂತ ನಮಗೂ ಕಾಣತೈತಿ. ಮತ್ತ ನೀ ಯಾರು?" ಎಂದ ಅಧಿಕಾರಿ.

"ಗುರುಬಾಯಿರಿ."

"ಈಕೀನೂ ಗುರುಬಾಯಿ. ಸತ್ತಾಳ."

ಅವಳು ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. "ನಾ ಸತ್ತಿಲ್ಲಲ್ರಿ?" ಎಂದು ನನ್ನನ್ನೇ ಕೇಳಿದಳು! 

ಮಷೀನು ತರಿಸಿದೆವು. ಅವಳು ಬೆರಳಿಟ್ಟಳು. ಹಸಿರು ದೀಪ ಹತ್ತಿ ಅವಳ ಹೆಸರು ಬಂತು. "ನೋಡ್ರಿ, ಮಷೀನ ನನ್ನ ಗುರ್ತ ಹಿಡೀತು!" ಎಂದು ಅವಳ ಮುಖ ಅರಳಿತು. ಸತ್ತವಳ ಹೆಸರಿಗೆ ಇವಳ ಬೆರಳು ಹೊಂದಿತಲ್ಲ, ಅಧಿಕಾರಿಗೆ ಬೇಕಾದ ಸಾಕ್ಷಿ ಅದೇ ಆಗಿತ್ತು. ಆ ಹೆಂಗಸಿಗೆ ಅದು ತಿಳಿಯಲೂ ಇಲ್ಲ.

ಹಾಜರಿ ಬರೆಯುವ ಪಾಂಡಪ್ಪ ಬಾಗಿಲಲ್ಲೇ ನಿಂತಿದ್ದ. "ಪಾಂಡಣ್ಣಾ, ನೀನರ ಹೇಳೋ, ನೀ ಬಂದಾಗಿಂದ ನನ್ನ ನೋಡೀದಿ" ಎಂದಳು. ಅವನು ಅಧಿಕಾರಿಯ ಕಡೆ ನೋಡಿ, "ಕಂಪ್ಯೂಟರ್ ಬ್ಯಾರೆ ಹೇಳತೈತಿ ಅಂದ್ರ ನಂಗೇನ ಗೊತ್ತ್ರಿ" ಎಂದುಬಿಟ್ಟ. ದಿನಾ ಕಂಡ ಮುಖವನ್ನೇ ಒಬ್ಬ ಮನುಷ್ಯ ಹೀಗೆ ಮರೆಯಬಹುದೇ! ಥೂ, ಅವನ ಹೇಡಿತನ ನೋಡಿ ಮೈ ಉರಿಯಿತು. ನಾನು ವರದಿಯಲ್ಲಿ "ಫೋಟೊ ತಾಳೆಯಾಗುವುದಿಲ್ಲ" ಎಂದಷ್ಟೇ ಬರೆದು ಸಹಿ ಮಾಡಿ ಬಂದೆ.

ಊಟಕ್ಕೆ ಕೂತಾಗ ದುರಗೇಶನಿಗೆ ಎಲ್ಲ ಹೇಳಿದೆ. "ಹೆಸರು ಒಂದೇ ಇರಬಹುದು, ಗಂಡನ ಹೆಸರೂ ಕೂಡಬಹುದು. ಹುಟ್ಟಿದ ತಾರೀಖೂ ಕೂಡತೈತೇನು? ಸುಳ್ಳ ಹೇಳಾಕತ್ತಾಳ" ಎಂದೆ.

ಅವನು ರೊಟ್ಟಿ ತಟ್ಟೆಯಲ್ಲಿಟ್ಟು ಕೇಳಿದ, "ಜೂನ್ ಒಂದೇನ?"

ನಾನು ಬೆಚ್ಚಿಬಿದ್ದೆ. "ನಿನಗ ಹೆಂಗ ಗೊತ್ತಾತು?"

"ನಿಂದ ಎಂದೈತಿ?"

ನನ್ನದು ಜೂನ್ ಒಂದು. ಅವ್ವ ಹೇಳುವ ಪ್ರಕಾರ ನಾನು ಹುಟ್ಟಿದ್ದು ನಾಗರಪಂಚಮಿಗೆ, ಜೋಕಾಲಿ ಕಟ್ಟಿದ ದಿನ. ದುರಗೇಶನದೂ ಜೂನ್ ಒಂದು. ಅವನು ಹುಟ್ಟಿದ್ದು ಚಳಿಗಾಲದಲ್ಲಿ ಎಂದು ಅತ್ತೆಯೇ ಹೇಳಿದ್ದಾರೆ.

"ಸಾಲಿ ಶುರು ಆಗೂದು ಜೂನದಾಗ. ತಾರೀಖ ಗೊತ್ತಿಲ್ಲ ಅಂದ್ರ ಮಾಸ್ತರ ಜೂನ್ ಒಂದ ಬರೀತಾರ, ವರ್ಷಾನೂ ಅಂದಾಜಿಲೆ. ನೌಕರಿಗೆ ಹೋದ್ರ ಅಲ್ಲೀ ಕಾರಕೂನನೂ ಅದನ್ನ ಬರೀತಾನ. ನಮ್ಮ ಸಾಲ್ಯಾಗ ಅರ್ಧಾ ಹುಡುಗ್ರು ಜೂನ್ ಒಂದಕ್ಕ ಹುಟ್ಟ್ಯಾರ. ನಾನೂ ಹಂಗ ಬರದೇನಿ" ಎಂದು ಅವನು ನಗತೊಡಗಿದ. ನನ್ನ ಮುಖ ನೋಡಿ ನಿಲ್ಲಿಸಿದ.

ತಟ್ಟೆ ಬದಿಗೆ ಸರಿಸಿದೆ. ಇದು ನನಗೆ ಗೊತ್ತಿತ್ತು! ನನ್ನ ಹಣೆಯ ಮೇಲೆಯೇ ಬರೆದಿದ್ದು ನನಗೇ ಕಾಣಲಿಲ್ಲ.

ಮಾರ್ಚ್ 15

ಮುನ್ನೂರು ಚಿಲ್ಲರೆ ಹೆಸರುಗಳನ್ನೂ ತೆಗೆದು ನೋಡಿದೆ. ಜೂನ್ ಒಂದು. ಜೂನ್ ಒಂದು. ಜೂನ್ ಒಂದು. ನಡುವೆ ಖರೇ ವರ್ಗವಾಗಿ ಹೋದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಬೇರೆ ಬೇರೆ ಮನುಷ್ಯರು, ಕೈಕಾಲು ಇರುವವರು, ಅವರನ್ನು ಎರಡೆರಡು ಹಿಡಿದು ಒಂದು ಮಾಡಿದ್ದೇವೆ. 

ಸಾಹೇಬರ ಕೋಣೆಗೆ ಓಡಿದೆ. ಪೂರ್ತಿ ಕೇಳಿದರು. ಮುಖ ಕಪ್ಪಿಟ್ಟಿತು. ಆಮೇಲೆ ಡ್ರಾಯರಿನಿಂದ ಒಂದು ಆದೇಶ ತೆಗೆದು ನನ್ನ ಮುಂದೆ ಸರಿಸಿದರು. ಮಾರ್ಚ್ ಹದಿನೈದರಿಂದ ಏಪ್ರಿಲ್ ಹದಿನೈದರವರೆಗೆ ವರ್ಷದ ಲೆಕ್ಕ ಮುಗಿಯುವ ತನಕ ಸಾಫ್ಟ್‌ವೇರಿನಲ್ಲಿ ಯಾವುದೇ ಬದಲಾವಣೆ ಇಲ್ಲ, ಯಾರಿಗೂ ವಿನಾಯಿತಿ ಇಲ್ಲ. ಕೆಳಗೆ ನನ್ನದೇ ಸಹಿ.

"ಅಧ್ಯಕ್ಷರು ಪೇಪರಿಗೆ ಕೊಟ್ಟಾರ. ಈಗ ತಪ್ಪಾಗೈತಿ ಅಂತ ನೀವ ಹೋಗಿ ಹೇಳತೀರೇನು? ಒಂದ ತಿಂಗಳ ಸುಮ್ಮನಿರ್ರಿ."

"ಸಾಹೇಬ್ರ, ಆ ಹೆಣ್ಣಮಗಳನ್ನ ಇಪ್ಪತ್ತೈದಕ್ಕ ತಗೀತಾರಲ್ರಿ!"

"ಆಮ್ಯಾಲೆ ನೋಡೂನು ಬಿಡ್ರಿ."

ಮಾರ್ಚ್ 16

ಬರೆಯಲು ಮನಸ್ಸಿಲ್ಲ. ನಾಲ್ಕು ಅರ್ಜಿ ಬಂದಿದ್ದವು. ಕೆಂಪು ಪೆನ್ನು ಸಿಗಲಿಲ್ಲ, ಹಾಗೇ ಇಟ್ಟೆ.

ಮಾರ್ಚ್ 19

ಬನಹಟ್ಟಿಗೆ ಅಂಟಿಕೊಂಡಿರುವ ರಬಕವಿಗೆ, ಗುರುಬಾಯಿಯ ಮನೆಗೆ ಹೋಗಿದ್ದೆ. ಕಚೇರಿಗೆ ತಲೆನೋವೆಂದು ಹೇಳಿದೆ, ಹೇಳುವಾಗ ಸುಳ್ಳೂ ಆಗಿರಲಿಲ್ಲ.

ಮಗ್ಗಗಳ ಸದ್ದಿನ ಓಣಿಯಲ್ಲಿ ಒಂದು ಕೋಣೆಯ ಮನೆ. ಗುರುಬಾಯಿ ಚಾಪೆ ಹಾಸಿ ಕೂಡಿಸಿದಳು. ಚಹಾ ಕೊಟ್ಟಳು. ನಾನು ಕೆಲಸ ಕಸಿದುಕೊಳ್ಳಲು ಬಂದವಳೋ ಕೊಡಲು ಬಂದವಳೋ ಎಂದು ಕೇಳಲೂ ಇಲ್ಲ. ಅವಳ ಗಂಡನ ಹೆಸರೂ ರಾಚಪ್ಪನೇ, ತೀರಿಹೋಗಿ ಬಹಳ ವರ್ಷವಾಯಿತು. ಮಕ್ಕಳಿಲ್ಲ. ತಮ್ಮನೊಬ್ಬ ಇದ್ದ, ಅವನೂ ಇಲ್ಲ.

"ನಿಮ್ಮ ದಾಖಲ್ಯಾಗ ಮನಿಯವರ ಫೋನ್ ನಂಬರ ಯಾಕ ಖಾಲಿ ಇತ್ತು?" ಎಂದು ಕೇಳಿದೆ. ಆ ಖಾಲಿ ಜಾಗಕ್ಕೇ ರಾಚಪ್ಪನವರ ನಂಬರ್ ಹೋಗಿ ಕೂತದ್ದು.

"ಯಾರ್ದ ಬರೀಲ್ರಿ? ಫಾರ್ಮ್ ತುಂಬುವಾಗ ಪಾಂಡಣ್ಣ ಕೇಳಿದ. ಯಾರೂ ಇಲ್ಲೋ ಅಂದ್ನಿ. ಹಂಗಾರ ಬಿಡು ಅಂದ."

ಚಹಾ ಆರಿಹೋಯಿತು. ತಪ್ಪು ನಿಮ್ಮದಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

"ಅಕ್ಕಾರ, ಹೊಟ್ಟಿದು ನಂಗ ಚಿಂತಿಲ್ರಿ. ಯಾರದರೆ ಮನ್ಯಾಗ ಮಗ್ಗದ ನೂಲಿನ ಕಂಡಿಕಿ ಸುತ್ತಿ ಬದುಕ್ತೇನಿ. ಆದ್ರ ಓಣ್ಯಾಗ ಏನಂತಾರ ಗೊತ್ತೇನ್ರಿ? ಸತ್ತಾಕಿ ಅನ್ನ ಉಂಡಾಕಿ ಅಂತಾರ. ನೀರಿಗೆ ಹೋದ್ರ ಕೊಡಾ ದೂರ ಸರಸ್ತಾರ. ಇದೊಂದು ತಗೀರಿ ನನ್ನ ಮ್ಯಾಲಿಂದ."

 ಈ ಮಾತನ್ನು ನಾನು ಯೋಚಿಸಿಯೇ ಇರಲಿಲ್ಲ. ತಗೀತೇನಿ ಎಂದು ಹೇಳಿ ಬಂದೆ. ಹೇಗೆ ಎಂದು ಗೊತ್ತಿಲ್ಲ.

ಮಾರ್ಚ್ 21

ರಾಚಪ್ಪನವರು ಮತ್ತೆ ಬಂದರು. ಈ ಸಲ ಸಿಟ್ಟಿರಲಿಲ್ಲ, ಮುಖ ಬಾಡಿತ್ತು. ಫೋನು ಕರವಸ್ತ್ರದಿಂದ ಹೊರಗೇ ಇತ್ತು.

"ಬಾಯಾರ, ಮೆಸೇಜ್ ನಿಂತಾವ್ರಿ."

"ಹೌದ್ರಿ ಕಾಕಾ, ಇನ್ನ ನಿಮಗ ತ್ರಾಸ ಆಗೂದಿಲ್ಲ."

"ತ್ರಾಸಿಂದಲ್ರಿ. ಯಾಕ ನಿಂತಾವ? ಆಕಿಗೆ ಏನಾತು?"

"ಯಾರಿಗೆ?"

"ದಿನಾ ಬರತಿದ್ಲಲ್ರಿ, ಆ ಹೆಣ್ಣಮಗಳಿಗೆ. ಒಂದ ದಿನ ತಪ್ಪಿಸಿಲ್ಲ ಆಕಿ. ಒಮ್ಮೆಲೆ ನಿಂತ್ಲು ಅಂದ್ರ ಆರಾಮಿಲ್ಲೇನೋ, ಬಿದ್ದಾಳೇನೋ. ಮನ್ಯಾಗ ಕುಂತ ಕುಂತ ತಲಿ ಕೆಟ್ಟು ಹೋತ್ರಿ."

ನಾನು ಹೌಹಾರಿದೆ. ಇಡೀ ಕಚೇರಿಯಲ್ಲಿ ಅವಳಿಗೇನಾಯಿತು ಎಂದು ಕೇಳಿದವರು ಇವರೊಬ್ಬರೇ. ಮುಚ್ಚಿಡಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಅವರು ಗೋಡೆ ಹಿಡಿದು ಬೆಂಚಿನ ಮೇಲೆ ಕೂತರು.

"ಯಪ್ಪಾ! ನನ್ನ ದೂರಿನಿಂದ ಆಕಿ ಕೆಲಸ ಹೋತೇನ್ರಿ? ನಾ ಬೋಗಸ್ ಅಂದದ್ದು ನಿಮ್ಮ ಆಫೀಸಿಗ್ರಿ. ಆಕೀಗಲ್ಲ. ನನ್ನ ಹೇಣ್ತೀನೂ ಹಿಂಗ ಮುಂಜಾನೆ ಕತ್ತಲದಾಗ ಎದ್ದು ಬುತ್ತಿ ಕಟಗೊಂಡು ಓಡತಿದ್ಲ್ರಿ. ಹರಿರಿ, ಆ ಹಾಳಿ ಹರದ ಒಗೀರಿ."

ಹರಿಯಲು ಬರುವುದಿಲ್ಲ ಎಂದೆ. ವಿಚಾರಣೆಯ ದಿನ ಯಾವುದೆಂದು ಕೇಳಿಕೊಂಡು ಹೋದರು.

ಸಂಜೆ ಮನೆಗೆ ಬಂದರೆ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ನಾನು ಬರುವುದು ಹೇಗೆ ಗೊತ್ತಾಯಿತು ಎಂದೆ. "ದಿನಾ ನಿನ್ನ ಮೆಸೇಜ್ ಬಂದ ಮ್ಯಾಲೇ ಅಲ್ಲೇನ ನಾ ಇಡೂದು" ಎಂದ ದುರಗೇಶ. ಇಷ್ಟು ದಿನ ಇವನಿಗೇ ಚಹಾ ಬೇಕಾಗಿರುತ್ತದೆ ಎಂದುಕೊಂಡು ಕುಡಿದಿದ್ದೆನಲ್ಲ!

ಮಾರ್ಚ್ 25

ಮುಗಿಯಿತು. ನೆನಪಿದ್ದಷ್ಟನ್ನು ಬರೆಯುತ್ತೇನೆ.

ವಿಚಾರಣೆಗೆ ನಾಮದೇವ ಸಾಹೇಬರು, ಇಬ್ಬರು ನಿರ್ದೇಶಕರು, ನಾನು. ಗುರುಬಾಯಿಯನ್ನು ಬಾಗಿಲ ಹತ್ತಿರ ಒಂದು ಕುರ್ಚಿಯಲ್ಲಿ ಕೂಡಿಸಿದ್ದರು. ಮಡಿಕೆ ಬಿಚ್ಚಿದ ಹೊಸ ಸೀರೆ ಉಟ್ಟು ಬಂದಿದ್ದಳು. ನನ್ನ ವರದಿಯನ್ನು ನನ್ನಿಂದಲೇ ಓದಿಸಿದರು. ಫೋಟೊ ತಾಳೆಯಾಗುವುದಿಲ್ಲ. ಬೆರಳು ತಾಳೆಯಾಗುತ್ತದೆ. ಓದಿ ಕೂತುಕೊಳ್ಳಬೇಕಿತ್ತು, ಕಾಲು ಕೂಡಗೊಡಲಿಲ್ಲ.

"ಸಾಹೇಬ್ರ, ಫೋಟೊ ಈಕಿ ಬದಲಿಸಿಲ್ರಿ. ಮೂರನೇ ತಾರೀಖಿಗೆ ನಾವು ಬದಲಿಸೀವಿ. ನಿಯಮ ನಂದು."

ಸಾಹೇಬರು ಕಣ್ಣಲ್ಲೇ ಸುಡುವಂತೆ ನೋಡಿದರು. ಒಬ್ಬ ನಿರ್ದೇಶಕರು ಏನು ಹೇಳುತ್ತಿದ್ದೀರಿ ಎಂದರು. ಅಷ್ಟರಲ್ಲಿ ಹೊರಗೆ ಗದ್ದಲ. ಜವಾನ ತಡೆದರೂ ಕೇಳದೆ ರಾಚಪ್ಪನವರು ಒಳಗೆ ಬಂದರು. ಗುರುಬಾಯಿಯನ್ನು ಮೊದಲ ಸಲ ನೋಡಿದರು. 

"ಈಕಿ ನನ್ನ ಹೇಣ್ತಿ ಅಲ್ರಿ" ಎಂದರು.

"ಅದನ್ನ ನಾವೂ ಹೇಳಾಕತ್ತೀವಿ ಯಜಮಾನ್ರ" ಎಂದರು ಸಾಹೇಬರು.

"ತಡೀರಿ, ನಂದ ಮುಗದಿಲ್ಲ. ನಾ ಬೀಳಗಿ ರಾಚಪ್ಪನ ಹೇಣ್ತಿ ಅಂತ ಈಕಿ ಎಂದಾದ್ರೂ ಬಂದು ಹೇಳ್ಯಾಳೇನ್ರಿ? ಇಲ್ಲ. ದಿನಾ ಎರಡ ಸಲ ಹೇಳಿದ್ದು ನಿಮ್ಮ ಕಂಪ್ಯೂಟರ್. ಸುಳ್ಳ ಹೇಳಿದವರನ್ನ ಕುರ್ಚಿ ಮ್ಯಾಲ ಕೂಡಿಸಿ ಕೇಳ್ರಿ, ಈಕೀನ್ನ್ಯಾಕ ಕೂಡಿಸೀರಿ?"

 ನನಗೂ ಆಗಲೇ ಧೈರ್ಯ ಬಂದದ್ದು.

"ಸಾಹೇಬ್ರ, ಹಿಂಗ ಮುನ್ನೂರ ಜೋಡಿ ಅದಾವ. ಒಂದನೇ ತಾರೀಖಿಗೆ ಪಗಾರ. ಇಬ್ಬರಿಗೆ ಒಂದ ಪಗಾರ ಹೋಗತೈತಿ. ಮುನ್ನೂರ ಮನಿಯವರು ಈ ಗೇಟಿನ ಮುಂದ ಬಂದು ನಿಂದರ್ತಾರ, ಪೇಪರಿನವರೂ ಬರ್ತಾರ. ಅವತ್ತ ಏನ ಹೇಳೂನ್ರಿ?"

ಸಾಹೇಬರ ಮುಖದ ರಕ್ತ ಇಳಿದದ್ದು ನನಗೆ ಕಂಡಿತು. ಹೆಂಗಸಿನ ಕೆಲಸಕ್ಕೆ ಜಗ್ಗದವರು ಇದಕ್ಕೆ ಜಗ್ಗಿದರು. ಗುರುಬಾಯಿಯನ್ನು ಕೆಲಸಕ್ಕೆ ತಗೊಳ್ಳಿ, ತಪ್ಪು ಕಚೇರಿಯದೆಂದು ಗಿರಣಿಯ ಗೇಟಿಗೆ ಹಚ್ಚಿ, ಸಾಫ್ಟ್‌ವೇರಿನ ಬದಲಾವಣೆಗೆ ಹಾಕಿದ ತಡೆ ತೆಗೆದು ಆ ಎಲ್ಲ ದಾಖಲೆಗಳನ್ನು ಬಿಡಿಸಿ ಎಂದು ಆದೇಶ. ಮೂವತ್ತೊಂದರೊಳಗೆ ಆಗಬೇಕು, ನನ್ನಿಂದಲೇ ಆಗಬೇಕು. ನನ್ನ ಮೇಲೆ ಒಂದು ನೋಟಿಸೂ ಬರುತ್ತದಂತೆ. ಬರಲಿ.

ಹೊರಗೆ ಬಂದಾಗ ಅವರಿಬ್ಬರೂ ಬೇವಿನ ಮರದ ಕೆಳಗೆ ದೂರ ದೂರ ನಿಂತಿದ್ದರು. "ತಪ್ಪಾತವ್ವಾ ತಂಗಿ" ಎನ್ನುತ್ತಿದ್ದರು ರಾಚಪ್ಪನವರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ಮ ಮನಿಯವ್ರು ಹೆಂಗ ತೀರಿಕೊಂಡ್ರಿ?" ಎಂದು ಕೇಳಿದಳು.

ಮಾರ್ಚ್ 27

ಹೋಳಿ. ಹೊರಗೆ ಹಲಗೆ ಬಾರಿಸುತ್ತ ಜನ ಕುಣಿಯುತ್ತಿದ್ದಾರೆ. ನಾವು ಕಚೇರಿಯಲ್ಲಿ ಕೂತು ಮನುಷ್ಯರನ್ನು ಒಬ್ಬೊಬ್ಬರಾಗಿ ಬಿಡಿಸುತ್ತಿದ್ದೇವೆ. ಈ ಸಲ ಎಂಜಿನಿಯರುಗಳನ್ನು ನಂಬಲಿಲ್ಲ, ಪ್ರತಿಯೊಂದು ಗಿರಣಿಗೂ ಫೋನ್ ಮಾಡಿ ಆ ಮನುಷ್ಯನನ್ನೇ ಕರೆಸಿ ಮಾತಾಡಿದೆ. ಒಬ್ಬ, "ಮೇಡಂ, ನಾ ಒಬ್ಬನ ಅದೇನ್ರಿ, ಇನ್ನೊಬ್ಬ ಯಾಂವ?" ಎಂದು ಬೈದ. ನಗು ಬಂತು, ಅಳುವೂ ಬಂತು.

ತೇರದಾಳದವರು ಪಾಳಿಯ ಅರ್ಜಿ ಹೊಸದಾಗಿ ಕಳಿಸಿದ್ದಾರೆ. ಬಸ್ಸಿನ ವಿಷಯವನ್ನು ಫೋನ್ ಮಾಡಿ ಕೇಳಿಕೊಂಡೆ. ಹೆಣ್ಣುಮಕ್ಕಳು ಓಡುತ್ತ ಬರುತ್ತಾರಂತೆ. ವೇಳೆ ಸರಿಸಿ ಕೊಟ್ಟೆ.

ಏಪ್ರಿಲ್ 2

ನಿನ್ನೆ ಎಲ್ಲರಿಗೂ ಪಗಾರ ಆಯಿತು, ಯಾರೂ ಗೇಟಿಗೆ ಬರಲಿಲ್ಲ. ಇವತ್ತು ಗುರುಬಾಯಿ ಕಚೇರಿಗೆ ಬಂದಿದ್ದಳು. ಬಿಡಿಸಿದ ದಾಖಲೆಗೆ ಫೋಟೊ ತೆಗೆದು, ಎಲ್ಲ ಓದಿ ಹೇಳಿ ಒಪ್ಪಿಗೆ ತಗೊಳ್ಳಬೇಕಿತ್ತು. ಹುಟ್ಟಿದ ತಾರೀಖು ಓದಿದಾಗ, "ನಾ ಸುಗ್ಗ್ಯಾಗ ಹುಟ್ಟೀನಂತ್ರಿ" ಎಂದು ನಕ್ಕಳು.

ಮನೆಯವರ ಫೋನಿನ ಕಾಲಮ್ಮಿಗೆ ಬಂದು ನಿಂತೆವು. ಖಾಲಿ ಜಾಗದಿಂದಲೇ ಇಷ್ಟೆಲ್ಲ ಆಯಿತೆಂದು ಅದು ಖಾಲಿ ಇದ್ದರೆ ಸಾಫ್ಟ್‌ವೇರು ಮುಂದೆ ಹೋಗದ ಹಾಗೆ ಹೋದ ವಾರ ನಾನೇ ಮಾಡಿದ್ದೆ. ಯಾರೂ ಇಲ್ಲದವರು ಏನು ಮಾಡಬೇಕು ಎಂದು ತಲೆಗೆ ಬಂದಿರಲೇ ಇಲ್ಲ! ನನ್ನ ಬುದ್ಧಿಗೆ ನಾನೇ ಬೆರಗಾದೆ.

"ಮೊದಲ ಇದ್ದದ್ದ ಇರ್ಲಿ ಬಿಡ್ರಿ ಅಕ್ಕಾರ" ಎಂದಳು ಗುರುಬಾಯಿ.

"ಅದು ಆ ಬೀಳಗಿ ಕಾಕಾರ ನಂಬರ."

"ಗೊತ್ತೈತ್ರಿ. ನಾ ಯಾಕ ಬರ್ಲಿಲ್ಲ ಅಂತ ಕೇಳಾಕ ಅಷ್ಟ ದೂರದಿಂದ ಬಸ್ ಹತ್ತಿ ಬಂದಾರ. ನಾ ಬಂದ್ನೋ ಇಲ್ಲೋ ಅಂತ ಇಲ್ಲೀತನಾ ಯಾರೂ ಕೇಳಿಲ್ರಿ ನನ್ನ." ನೆಲ ನೋಡುತ್ತ ಹೇಳಿದಳು. "ಅವರು ಒಲ್ಲೆ ಅಂದ್ರ ಬ್ಯಾಡ್ರಿ."

ರಾಚಪ್ಪನವರಿಗೆ ಫೋನ್ ಹಚ್ಚಿದೆ. ವಿಷಯ ಹೇಳಿದೆ.  ಆ ಕಡೆ ಕೆಮ್ಮಿದರು.

"ಆಕೀಗೆ ನಡೀತೈತೇನ್ರಿ?"

"ಆಕೀನ ಕೇಳಾಕತ್ತಾಳ್ರಿ ಕಾಕಾ."

"ಹಂಗಾರ ಕಳಸ್ರಿ. ಮುಂಜಾನೆದೂ ಕಳಸ್ರಿ, ಸಂಜಿದೂ ಕಳಸ್ರಿ. ಇನ್ನ ಸಂಜಿದು ಬಂದ್ರ ಆಕಿ ಖರೇನ ಮನಿ ಮುಟ್ಟಿರ್ತಾಳಲ್ರಿ."  

ಸಂಬಂಧ ಏನೆಂದು ಬರೆಯಬೇಕು ಎಂದೆ. ಅಣ್ಣ ಅಂತ ಬರೀರಿ ಎಂದಳು ಗುರುಬಾಯಿ.

ಏಪ್ರಿಲ್ 3

ಇವತ್ತು ಆ ಅರ್ಜಿಯನ್ನು ನಾನೇ ಬರೆದೆ, ಗುರುಬಾಯಿಗೆ ಬರೆಯಲು ಬರುವುದಿಲ್ಲ. ಏನು ಬದಲಾವಣೆ: ಸತ್ತವರ ದಾಖಲೆಯ ಫೋನ್ ನಂಬರನ್ನು ಬದುಕಿರುವ ಬೇರೊಬ್ಬರ ದಾಖಲೆಗೆ ಹಾಕುವುದು. ಎಲ್ಲಿ: ಬನಹಟ್ಟಿ ನೂಲಿನ ಗಿರಣಿ. ಇದರಿಂದ ಇನ್ನೇನು ಅಲುಗುತ್ತದೆ: ಏನೂ ಇಲ್ಲ. ಹಿಂದಕ್ಕೆ ಹೇಗೆ ತರುವುದು: ತರುವುದಿಲ್ಲ.

ಕಾರಣದ ಕಾಲಮ್ಮು ಉಳಿದಿತ್ತು. ಊಟದ ವೇಳೆ ಆಗಿಬಿಟ್ಟಿತ್ತು, ಬೇಗ ಮುಗಿಸಬೇಕಿತ್ತು. "ಬೇಕಾಗಿದೆ" ಎಂದು ಬರೆದು, ಕೆಳಗೆ ಮಂಜೂರು ಮಾಡಿ ಸಹಿ ಹಾಕಿದೆ.